ತೀರ್ಪ ಬಂದ ಮ್ಯಾಲ ಕೇಳವ್ರು ಯಾರು?

ಪ್ರಶ್ನೆ: ಸರ್, ನಾನು ಸಪ್ತಾಪುರದಾಗ ಪಿಜಿಯೊಳಗ ಇದ್ದು ಕೆಎಎಸ್‌ಗೆ ಓದಾಕತ್ತೀನ್ರಿ. ಭಯೋತ್ಪಾದನೆ ಕೇಸಿನ್ಯಾಗ ಶಿಕ್ಷೆ ಆದವರನ್ನ ಸರ್ಕಾರ ಹೆಂಗ ಇಟ್ಕೊಂಡೈತಿ, ಯಾವಾಗ ಬಿಡ್ತದ, ಇದನ್ನ ಪಾರ್ಲಿಮೆಂಟ್ ಕೇಳ್ತದೇನ್ರಿ? ಜೀವಾವಧಿ ಅಂದ್ರ 14 ವರ್ಷ, ಆಮ್ಯಾಲ ಬಿಟ್ಟ ಬಿಡ್ತಾರ ಅಂತ ನನ್ನ ರೂಮ್‌ಮೇಟ್ ಅಂತಾಳ, ರಾತ್ರಿ ಎರಡರ ತನಕ ಜಗಳ ಆತ್ರಿ.
– ಓದುಗರು, ಧಾರವಾಡ

ಉತ್ತರ: ತಂಗಿ, ಮೊದಲ ನಿಮ್ಮ ರೂಮಿನ ಜಗಳ ಬಿಡಿಸ್ತೀನಿ. ಜೀವಾವಧಿ ಅಂದ್ರ ಜೀವ ಇರೂ ತನಕ, ಇದನ್ನ ಸುಪ್ರೀಂ ಕೋರ್ಟ್ 1961ರಾಗನ ಹೇಳೈತಿ. ಗಲ್ಲು ಕೊಡಬಹುದಾಗಿದ್ದ ಅಪರಾಧಕ್ಕ ಜೀವಾವಧಿ ಆಗಿದ್ರ 14 ವರ್ಷ ಒಳಗಿರದ ಬಿಡಂಗಿಲ್ಲ ಅಂತ ಕಾನೂನು ಐತಿ, ಮಂದಿ ಅದನ್ನ ತಿರುವಿ 14ಕ್ಕ ಬಿಡ್ತಾರ ಅಂತ ಮಾಡ್ಕೊಂಡಾರ. 14 ಆದ ಮ್ಯಾಲ ಬಿಡ್ರಿ ಅಂತ ಅರ್ಜಿ ಹಾಕಾಕ ಬರ್ತದ ಅಷ್ಟ, ಬಿಡೂದು ಬಿಡದಿರೂದು ಸರ್ಕಾರದ ಕೈಯಾಗ. ಕೇಸು ಕೇಂದ್ರದ ಏಜೆನ್ಸಿ ತನಿಖೆ ಮಾಡಿದ್ದಾದ್ರ ರಾಜ್ಯ ಒಂದ ಬಿಡಾಕ ಬರಂಗಿಲ್ಲ, ಕೇಂದ್ರ ಒಪ್ಪಬೇಕು, ಇದನ್ನ ರಾಜೀವ್ ಗಾಂಧಿ ಹತ್ಯೆ ಕೇಸಿನ್ಯಾಗ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2015ರ ಡಿಸೆಂಬರ್‌ದಾಗ ಹೇಳ್ತು.

ಆ ಕೇಸನ್ನ ನೀವು ಪರೀಕ್ಷೆಗಷ್ಟ ಅಲ್ಲ, ಹಂಗೂ ಓದ್ರಿ. ಅದರಾಗ ಟಾಡಾ, ಅಂದ್ರ ಅವಾಗಿನ ಭಯೋತ್ಪಾದನೆ ತಡೆ ಕಾನೂನಿನ ಅಡಿ ಆದ ಶಿಕ್ಷೆನ್ನ 1999ರಾಗನ ಸುಪ್ರೀಂ ಕೋರ್ಟ್ ತೆಗೆದುಹಾಕಿತ್ತು, ಉಳಿದದ್ದು ಕೊಲೆ. 2018ರ ಸೆಪ್ಟೆಂಬರ್‌ದಾಗ ತಮಿಳುನಾಡು ಸಂಪುಟ ಒಳಗಿದ್ದ ಏಳು ಅಪರಾಧಿಗಳ ಬಿಡುಗಡೆಗೆ ಶಿಫಾರಸು ಮಾಡ್ತು, ಆ ಫೈಲು ರಾಜ್ಯಪಾಲರ ಹತ್ರ ಎರಡು ವರ್ಷಕ್ಕಿಂತ ಹೆಚ್ಚು ಕುಂತು ಆಮ್ಯಾಲ ರಾಷ್ಟ್ರಪತಿಗೆ ಹೋತು, ಕಡೀಕ 2022ರ ಮೇದಾಗ ಪೆರಾರಿವಾಲನ್‌ನ್ನ, ನವೆಂಬರ್‌ದಾಗ ಉಳಿದ ಆರು ಮಂದೀನ್ನ ಕೋರ್ಟೇ ಬಿಡ್ತು. ಒಳಗಿದ್ದವ್ರ ಮನಿಯವ್ರೂ ಕಾದ್ರು, ರಾಜೀವ್ ಹತ್ಯೆ ಆದ ಶ್ರೀಪೆರಂಬುದೂರಿನ್ಯಾಗ ಅವತ್ತು ಬಂದೋಬಸ್ತ್‌ಗೆ ನಿಂತು ಸತ್ತ ಪೊಲೀಸರ ಮನಿಯವ್ರೂ ಕಾದ್ರು. ಬಿಡೂದಿದ್ರ ಬಿಡ್ರಿ, ಬ್ಯಾಡಾದ್ರ ಯಾಕ ಅಂತ ಬರದು ಹೇಳ್ರಿ, ಸುಮ್ಮನ ಕುಂಡ್ರೂದು ಯಾವ ಆಡಳಿತ?

ಈಗ ಪಾರ್ಲಿಮೆಂಟ್. ಲೋಕಸಭಾದಾಗ ಮುಂಜಾನೆ 11ರಿಂದ 12 ಪ್ರಶ್ನೋತ್ತರ, ಚುಕ್ಕೆ ಇದ್ದ, ಅಂದ್ರ ಮಂತ್ರಿ ಎದ್ದು ನಿಂತು ಬಾಯಿಲೆ ಉತ್ತರ ಕೊಡೂ ಪ್ರಶ್ನೆ ದಿನಕ್ಕ 20, ಉಪಪ್ರಶ್ನೆ ಹಾಕಿ ಮಂತ್ರಿನ್ನ ಹಿಡದು ಕೇಳಾಕ ಬರೂದು ಇದರಾಗ ಮಾತ್ರ. ಮತ್ತ 1993ರಿಂದ ಇಲಾಖಾವಾರು ಸ್ಥಾಯಿ ಸಮಿತಿ ಅದಾವು, ಗೃಹ ಇಲಾಖೆದ್ದರಾಗ 21 ಮಂದಿ ಲೋಕಸಭಾದವ್ರು, 10 ಮಂದಿ ರಾಜ್ಯಸಭಾದವ್ರು. ಈ ಸಮಿತಿ 2023ರಾಗ ಜೈಲುಗಳ ಸ್ಥಿತಿ ಮ್ಯಾಲನೂ ವರದಿ ಕೊಟ್ಟದ. ಆದ್ರ ತೊಡಕು ಒಂದೈತಿ. ಸಂವಿಧಾನದ ಏಳನೇ ಶೆಡ್ಯೂಲಿನ್ಯಾಗ ಜೈಲು ರಾಜ್ಯದ ಪಟ್ಟಿಯೊಳಗ ಬರ್ತದ. ಹಿಂಗಾಗಿ ದಿಲ್ಲಿಯೊಳಗ ಕೇಳಿದ್ರ ಜೈಲು ರಾಜ್ಯದ್ದು ಅಂತಾರ, ಬೆಂಗಳೂರಾಗ ಕೇಳಿದ್ರ ಕೇಸು ಕೇಂದ್ರದ ತನಿಖಾ ಏಜೆನ್ಸಿ ಎನ್‌ಐಎದ್ದು, ಕೇಂದ್ರಕ್ಕ ಕೇಳ್ರಿ ಅಂತಾರ. ಆರ್‌ಟಿಐ ಹಾಕ್ತೀನಿ ಅಂದ್ರ ಎನ್‌ಐಎಗೆ ವಿನಾಯಿತಿ ಐತಿ, ಭ್ರಷ್ಟಾಚಾರ ಇಲ್ಲಾ ಮಾನವ ಹಕ್ಕಿನ ಮಾತಿದ್ರ ಮಾತ್ರ ಮಾಹಿತಿ ಕೇಳಾಕ ಬರ್ತದ. ಅದಕ್ಕ ಸದನದಾಗ ಕೇಳೂ ಪ್ರಶ್ನೆಗೆ ಇಷ್ಟ ಬೆಲಿ.

ಪ್ರಶ್ನೆ: ನಮ್ಮ ಅಳಿಯ ಲಂಡನ್ನಾಗ ಅದಾನ್ರಿ. ಅಲ್ಲಿ ಶಿಕ್ಷೆ ಮುಗಿಸಿ ಬಂದವನೊಬ್ಬ ಮತ್ತ ಮಂದೀನ್ನ ಕೊಂದ, ಮೂರ ತಿಂಗಳಾಗ ಕಾನೂನ ಬದಲು ಮಾಡಿದ್ರು ಅಂತಾನ. ಖರೇ ಏನ್ರಿ?
– ನೇಕಾರರು, ಗದಗ-ಬೆಟಗೇರಿ

ಉತ್ತರ: ಖರೇ ಅದರೀ. ಉಸ್ಮಾನ್ ಖಾನ್ ಅಂತ, ಭಯೋತ್ಪಾದನೆ ಕೇಸಿನ್ಯಾಗ ಆದ 16 ವರ್ಷದ ಶಿಕ್ಷೆದಾಗ ಅರ್ಧ ಮುಗಿಸಿ 2018ರ ಡಿಸೆಂಬರ್‌ದಾಗ ಹೊರಗ ಬಂದ, ಬಿಡಬೇಕೋ ಬ್ಯಾಡೋ ಅಂತ ತೂಗಿ ನೋಡೂ ಪೆರೋಲ್ ಬೋರ್ಡೂ ಅವನನ್ನ ನೋಡಲಿಲ್ಲ, ಅರ್ಧ ಆತು ತಾನಾಗೇ ಬಿಡುಗಡೆ, ಅಲ್ಲಿ ಕಾನೂನ ಹಂಗ ಇತ್ತು. 2019ರ ನವೆಂಬರ್ 29ಕ್ಕ ಲಂಡನ್ ಬ್ರಿಡ್ಜ್ ಹತ್ರ ಇಬ್ಬರನ್ನ ಇರಿದು ಕೊಂದ, ಅದೂ ಕೈದಿಗಳಿಗೆ ಓದು ಕಲಿಸೂ ಕಾರ್ಯಕ್ರಮದಾಗ, ಸತ್ತವ್ರು ಅದಕ್ಕಂತ ದುಡಿದ ಹುಡುಗ ಹುಡುಗಿ. ಇದನ್ನ ಬರೀವಾಗೂ ಹೊಟ್ಯಾಗ ಸಂಕಟ ಆಗ್ತದ. 2020ರ ಫೆಬ್ರವರಿ 2ಕ್ಕ ಇನ್ನೊಬ್ಬ ಹಂಗ ಅರ್ಧಕ್ಕ ಬಿಡುಗಡೆ ಆದವ ಲಂಡನ್ನಿನ ಸ್ಟ್ರೆಥಮ್‌ದಾಗ ಚಾಕು ಹಾಕಿದ. ಅದೇ ತಿಂಗಳು 26ಕ್ಕ ಹೊಸ ಕಾನೂನ ಬಂತು, ಭಯೋತ್ಪಾದನೆ ಅಪರಾಧಿ ಶಿಕ್ಷೆದ ಮೂರನೇ ಎರಡು ಪಾಲು ಒಳಗಿರಬೇಕು, ಆಮ್ಯಾಲ ಪೆರೋಲ್ ಬೋರ್ಡ್ ಒಪ್ಪಿದ್ರನ ಹೊರಗ.

ಆದ್ರ ನಾನು ನಿಮಗ ತೋರಸೂದು ಆ ಅವಸರದ ಕಾನೂನಲ್ರೀ. 2021ರ ಮೇದಾಗ ಸಾವಿನ ವಿಚಾರಣೆಯ ಜ್ಯೂರಿ, ಅವನ ಮ್ಯಾಲ ಕಣ್ಣಿಟ್ಟ ಇಲಾಖೆಗಳು ಎಲ್ಲೆಲ್ಲಿ ತಪ್ಪಿದ್ರು, ಯಾರೂ ಹೊಣೆ ಹೊರಲಿಲ್ಲ ಅಂತ ಎಲ್ಲಾರ ಮುಂದ ಹೇಳ್ತು. ಇಂಥದ್ದನ್ನ ವರ್ಷಾ ವರ್ಷಾ ನೋಡಿ ವರದಿ ಕೊಡಾಕ ಅಲ್ಲಿ ಸರ್ಕಾರದ ಹೊರಗಿನ ಒಬ್ಬ ವಕೀಲರು ಇರ್ತಾರ, ಆ ವರದಿ ಪಾರ್ಲಿಮೆಂಟ್ ಮುಂದ ಬರ್ತದ. ನಮ್ಮಲ್ಲಿ ಆ ಹುದ್ದೆ ಇಲ್ಲ, ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಇಂಥವರ ಸಲುವಾಗಿ ಸದನದ ಟೈಮ್ ಯಾಕ ಹಾಳು ಮಾಡೂದು? ಒಳಗ ಕೊಳೀಲಿ ಬಿಡ್ರಿ.
– ನಿವೃತ್ತ ಮಾಸ್ತರು, ರಾಣೇಬೆನ್ನೂರು

ಉತ್ತರ: ಮಾಸ್ತರ, ನಿಮ್ಮ ಸಿಟ್ಟು ನನಗ ಅರ್ಥ ಆಗ್ತದ್ರಿ, 2008ರ ಮೇದಾಗ ಹುಬ್ಬಳ್ಳಿ ಕೋರ್ಟಿನ್ಯಾಗ ಬಾಂಬ್ ಸಿಡಿದದ್ದು ನಮಗ್ಯಾರಿಗೂ ಮರ್ತಿಲ್ಲ. ಆದ್ರ ಒಳಗ ಹಾಕಿ ಬಾಗಿಲ ಮುಚ್ಚಿದ್ರ ಮುಗೀತು ಅನ್ನೂದು ತಪ್ಪು. ಪರಪ್ಪನ ಅಗ್ರಹಾರದಾಗ ಜೀವಾವಧಿ ಶಿಕ್ಷೆದಾಗ ಇದ್ದ ಒಬ್ಬ ಬ್ಯಾರೆ ಕೇಸಿಗೆ ಒಳಗ ಬಂದ ಹುಡುಗರ ತಲಿ ಕೆಡಿಸಿದ ಅನ್ನೂದು ಎನ್‌ಐಎ ಆರೋಪ, ಅದ ಕೇಸಿನ್ಯಾಗ 2025ರ ಜುಲೈದಾಗ ಜೈಲಿನ ಮಾನಸಿಕ ವೈದ್ಯರೊಬ್ಬರನ್ನ, ಒಬ್ಬ ಎಎಸ್‌ಐನ್ನ ಬಂಧಿಸಿದ್ರು. ಬಂಧನ ಅಂದ್ರ ತೀರ್ಪಲ್ಲ, ಅದು ಬ್ಯಾರೆ ಮಾತು. ಆದ್ರ ಸಣ್ಣ ಕಳವಿನ ಕೇಸಿಗೆ ಹೋದ ಹುಡುಗನ್ನ ಯಾರ ಬ್ಯಾರಕ್ ಪಕ್ಕ ಇಡ್ತೀರಿ, ಫೋನ್ ಹೆಂಗ ಒಳಗ ಹೋಗ್ತದ ಅಂತ ಕೇಳೂದು ಟೈಮ್ ಹಾಳೇನ್ರಿ? ಆ ಹುಡುಗ ನಾಳೆ ಹೊರಗ ಬಂದು ನಮ್ಮ ಓಣಿಯೊಳಗನ ಇರ್ತಾನಲ್ಲ.

ಇನ್ನೊಂದು, ನೀವು ಇಂಥವರು ಅಂದ್ರಿ. 2008ರಾಗ ಭಯೋತ್ಪಾದನೆ ಸಂಚಿನ ಕೇಸಿನ್ಯಾಗ ಹಿಡಿದ 17 ಮಂದೀನ್ನ 2015ರಾಗ ನಮ್ಮ ಹುಬ್ಬಳ್ಳಿ ಕೋರ್ಟೇ ಖುಲಾಸೆ ಮಾಡ್ತು. ಅದಕ್ಕ ನಾನು ಆರೋಪಿ ಬ್ಯಾರೆ, ಅಪರಾಧಿ ಬ್ಯಾರೆ ಅಂತ ಪ್ರತಿ ಸಲ ಬಿಡಿಸಿ ಬರೀತೀನ್ರಿ. ಸದನದಾಗ ಕೊಡೂ ಉತ್ತರದಾಗೂ ಈ ಎರಡು ಲೆಕ್ಕ ಬ್ಯಾರೆ ಬ್ಯಾರೆ ಬರಬೇಕು.

ಬೆಳಗಾವಿ ಸುವರ್ಣಸೌಧದ ಅಧಿವೇಶನ ಬಂದಾಗ ನಿಮ್ಮ ಶಾಸಕರ ಕೈಯಾಗ ಒಂದು ಚೀಟಿ ಕೊಡ್ರಿ ಮಾಸ್ತರ, ಅಕ್ಷರ ನಿಮ್ದ ಇರಲಿ: ಭಯೋತ್ಪಾದನೆ ಕೇಸಿನ್ಯಾಗ ಶಿಕ್ಷೆ ಆದವ್ರು ರಾಜ್ಯದ ಜೈಲಿನ್ಯಾಗ ಎಷ್ಟು ಮಂದಿ, ವಿಚಾರಣಾಧೀನ ಎಷ್ಟು, ಇಬ್ಬರನ್ನೂ ಒಂದ ಕಡೆ ಇಟ್ಟೀರೇನು, ಬಿಡುಗಡೆ ಅರ್ಜಿ ಎಷ್ಟು ಬಾಕಿ, ಬಿಟ್ಟ ಮ್ಯಾಲ ನೋಡ್ಕೊಳ್ಳೂ ಅಧಿಕಾರಿ ಯಾರು. ಉತ್ತರ ಬಂದ್ರ ನನಗೂ ಕಳಸ್ರಿ, ಇಲ್ಲೇ ಹಾಕ್ತೀನಿ.