ಅರೆಸೇನಾ ಪಡೆಗೂ ಸೈನ್ಯಕ್ಕೂ ಇರುವ ವ್ಯತ್ಯಾಸವೇನು?

ಅರೆಸೇನಾ ಪಡೆಯವರೂ ಸಮವಸ್ತ್ರ ತೊಡುತ್ತಾರೆ, ರೈಫಲ್ ಹಿಡಿಯುತ್ತಾರೆ, ಬೆಟಾಲಿಯನ್ ಲೆಕ್ಕದಲ್ಲೇ ಇರುತ್ತಾರೆ; ಹಾಗಿದ್ದೂ ಅವರನ್ನು ಸೈನ್ಯ ಎಂದು ಯಾಕೆ ಕರೆಯುವುದಿಲ್ಲ ಎಂದು ಕೇಳಿದ್ದೀರಿ.

ಬಟ್ಟೆ, ಬಂದೂಕು ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಯಾವುದೇ ಸಶಸ್ತ್ರ ಪಡೆಯ ಬಗ್ಗೆ ನಾನು ಮೊದಲು ನೋಡುವುದು ಮೂರನ್ನು: ಅದಕ್ಕೆ ಆದೇಶ ಕೊಡುವವರು ಯಾರು, ಅದರ ಜವಾನ ತಪ್ಪು ಮಾಡಿದರೆ ವಿಚಾರಣೆ ಯಾವ ಕಾನೂನಿನಡಿ, ಸಂಬಳ ಬರುವುದು ಯಾರ ಕೈಯಿಂದ. ಮೂರಕ್ಕೂ ಸ್ಪಷ್ಟ ಉತ್ತರ ಸಿಕ್ಕರೆ ಅದು ಸರ್ಕಾರದ ಪಡೆ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಎಚ್ಚರದಿಂದಿರಬೇಕು.

ಅರೆಸೇನಾ ಪಡೆಗಳಲ್ಲಿ ಎರಡು ಜಾತಿ. ಮೊದಲು ಸರ್ಕಾರಿ ಪಡೆಗಳನ್ನು ನೋಡೋಣ. ಸೈನ್ಯ ರಕ್ಷಣಾ ಸಚಿವಾಲಯಕ್ಕೆ, ಇವು ಗೃಹ ಸಚಿವಾಲಯಕ್ಕೆ ಎನ್ನುವುದು ಸಾಮಾನ್ಯ ನಿಯಮ, ಆದರೆ ಅಪವಾದಗಳೂ ಉಂಟು. ಫ್ರಾನ್ಸಿನಲ್ಲಿ ಪೊಲೀಸ್ ಕೆಲಸ ಮಾಡುವ ಜಾಂಡಾರ್ಮರಿ ಪಡೆಯವರು ಕಾನೂನಿನ ಪ್ರಕಾರ ಸೈನಿಕರೇ, ಆದರೆ 2009ರಿಂದ ಅವರ ಮೇಲಿನ ಅಧಿಕಾರ ಗೃಹ ಸಚಿವರದ್ದು. ಚೀನಾ 2018ರಲ್ಲಿ ಇದಕ್ಕೆ ವಿರುದ್ಧ ದಿಕ್ಕಿಗೆ ಹೋಯಿತು: ತನ್ನ ಸಶಸ್ತ್ರ ಪೊಲೀಸ್ ಪಡೆಯನ್ನು ಪೂರ್ತಿಯಾಗಿ ಸೈನ್ಯವನ್ನು ನಡೆಸುವ ಕೇಂದ್ರ ಸೇನಾ ಆಯೋಗದ ಕೈಗೆ ಕೊಟ್ಟಿತು. ಭಾರತದ ಅಸ್ಸಾಂ ರೈಫಲ್ಸ್‌ಗೆ ಇಬ್ಬರು ಯಜಮಾನರು. ಆಡಳಿತ ಗೃಹ ಸಚಿವಾಲಯದ್ದು, ಕಾರ್ಯಾಚರಣೆಯ ಹಿಡಿತ ಸೈನ್ಯದ್ದು.

ಕೆಲಸದಲ್ಲಿ ಇರುವ ವ್ಯತ್ಯಾಸ ಇನ್ನೂ ದೊಡ್ಡದು. ಸೈನ್ಯದ ಒಂದು ಡಿವಿಷನ್‌ನಲ್ಲಿ ಪದಾತಿಗಳ ಜೊತೆಗೆ ಫಿರಂಗಿದಳ, ಸೇತುವೆ ಕಟ್ಟುವ ಇಂಜಿನಿಯರುಗಳು, ಸಿಗ್ನಲ್, ಆಸ್ಪತ್ರೆ, ದುರಸ್ತಿ, ಸರಬರಾಜು ಎಲ್ಲವೂ ಇರುತ್ತವೆ. ವಾರಗಟ್ಟಲೆ ಬೇರೆಯವರ ನೆರವಿಲ್ಲದೆ ಕಾದಾಡುವಂತೆ ಅದನ್ನು ಕಟ್ಟಿರುತ್ತಾರೆ. ಅರೆಸೇನಾ ಪಡೆಗೆ ಸಾಮಾನ್ಯವಾಗಿ ಈ ಬೆನ್ನೆಲುಬು ಇರುವುದಿಲ್ಲ. ರೈಫಲ್, ಮಷಿನ್ ಗನ್, ಸಣ್ಣ ಮಾರ್ಟರ್ ಇರುತ್ತವೆ. ಟ್ಯಾಂಕು, ಯುದ್ಧವಿಮಾನ ಇರುವುದಿಲ್ಲ. ಭಾರತದ ಬಿಎಸ್‌ಎಫ್ (ಗಡಿ ಭದ್ರತಾ ಪಡೆ) ಬಳಿ ಫಿರಂಗಿಗಳಿರುವುದು ವಿಶೇಷ. ಅರೆಸೇನಾ ಪಡೆಯನ್ನು ಹಂಚುವುದೂ ಕಂಪನಿ ಲೆಕ್ಕದಲ್ಲಿ. ನೂರು ಚಿಲ್ಲರೆ ಜನರ ಒಂದೊಂದು ಕಂಪನಿ ಒಂದೊಂದು ಊರಿಗೆ ಹೋಗಿ ಅಲ್ಲಿನ ಪೊಲೀಸರ ಜೊತೆ ಕೆಲಸ ಮಾಡುತ್ತದೆ. ಎಡವಟ್ಟು ಶುರುವಾಗುವುದು ಹೆಚ್ಚಾಗಿ ಇಲ್ಲೇ. ಬೆಟಾಲಿಯನ್ನಿನ ಮುಖ್ಯಸ್ಥ ಕಮಾಂಡೆಂಟ್ ಒಂದು ಕಡೆ, ಕಂಪನಿಗಳು ಹತ್ತು ಕಡೆ. ಜಾಗ ಹೊಸದು, ಜನರ ಭಾಷೆ ಗೊತ್ತಿಲ್ಲ, ಒಟ್ಟಾಗಿ ತರಬೇತಿ ಮಾಡಲು ಪುರುಸೊತ್ತೇ ಸಿಗುವುದಿಲ್ಲ. ಮೇಲಿಂದ ಮೇಲೆ ಬಂದೋಬಸ್ತಿಗೆ ಎಳೆದಾಡಿದ ಪಡೆಯ ಗುರಿ, ಶಿಸ್ತು ಎರಡೂ ಕೆಡುತ್ತವೆ.

ಬಲಪ್ರಯೋಗದ ನಿಯಮವೂ ಬೇರೆ. ಸೈನಿಕನಿಗೆ ಕಲಿಸುವುದು ಎದುರಾಳಿಯನ್ನು ನಾಶ ಮಾಡುವುದನ್ನು. ಅರೆಸೇನಾ ಪಡೆಯವನ ಎದುರು ಹೆಚ್ಚಿನ ಸಲ ನಿಲ್ಲುವುದು ಸ್ವಂತ ದೇಶದ ಪ್ರಜೆ, ಆದ್ದರಿಂದ ಅವನಿಗೆ ಕಲಿಸಬೇಕಾದದ್ದು ಆದಷ್ಟು ಕಡಿಮೆ ಬಲ ಬಳಸುವುದನ್ನು, ಸಿಕ್ಕಿದವನನ್ನು ಕೊಲ್ಲದೆ ಹಿಡಿದು ಪೊಲೀಸರಿಗೆ ಒಪ್ಪಿಸುವುದನ್ನು. ಅಶ್ರುವಾಯುವನ್ನೇ ತೆಗೆದುಕೊಳ್ಳಿ. ಶೆಲ್ಲನ್ನು ಮೇಲ್ಮುಖವಾಗಿ, ಓರೆಯಾಗಿ ಹಾರಿಸಿದರೆ ಅದು ವೇಗ ಕಳೆದುಕೊಂಡು ಬೀಳುತ್ತದೆ, ಹೊಗೆ ಜನರನ್ನು ಚದುರಿಸುತ್ತದೆ. ಅದೇ ಶೆಲ್ಲನ್ನು ನೇರವಾಗಿ ಎದೆಮಟ್ಟಕ್ಕೆ ಹಿಡಿದು ಹಾರಿಸಿದರೆ ತಲೆಬುರುಡೆ ಒಡೆಯುತ್ತದೆ. ಗಾಳಿ ತನ್ನ ಕಡೆಗೇ ಬೀಸುತ್ತಿದ್ದರೆ ಹೊಗೆ ತಿರುಗಿ ಹಾರಿಸಿದವರಿಗೇ ಬಡಿಯುತ್ತದೆ. ಇವೆಲ್ಲ ಯುದ್ಧತರಬೇತಿಯಲ್ಲಿ ಬರುವ ಪಾಠಗಳಲ್ಲ. ಸೈನ್ಯವನ್ನು ಬೀದಿಗಿಳಿಸುವುದು ಕೊನೆಯ ದಾರಿಯಾಗಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಗಡಿಯಲ್ಲಿ ಇಂಥ ಪಡೆಗಳನ್ನು ನಿಲ್ಲಿಸುವುದಕ್ಕೂ ಕಾರಣವಿದೆ. ಎರಡು ಸೈನ್ಯಗಳು ಮುಖಾಮುಖಿಯಾದರೆ ಒಂದು ಗುಂಡೇ ಯುದ್ಧದ ಕಿಡಿಯಾಗಬಹುದು. ಕಾವಲು ಪಡೆಗಳ ನಡುವೆ ಗಲಾಟೆಯಾದರೆ ಅದನ್ನು ಅಲ್ಲಿಯೇ ಮುಗಿಸಲು ಅವಕಾಶ ಇರುತ್ತದೆ. ಹಾಗೆಂದು ಮಾಮೂಲಿ ಪೊಲೀಸರನ್ನು ನಿಲ್ಲಿಸಿದರೆ ಸಾಲುವುದಿಲ್ಲ. 1965ರ ಏಪ್ರಿಲ್‌ನಲ್ಲಿ ಕಛ್‌ನ ಸರ್ದಾರ್ ಪೋಸ್ಟ್ ಮೇಲೆ ಪಾಕಿಸ್ತಾನಿ ಸೇನೆ ದಾಳಿ ಮಾಡಿದಾಗ ಅಲ್ಲಿದ್ದದ್ದು ಪೊಲೀಸ್ ತುಕಡಿಗಳು. ಅದೇ ವರ್ಷ ಡಿಸೆಂಬರ್ 1ರಂದು ಬಿಎಸ್‌ಎಫ್ ಹುಟ್ಟಿತು.

ಯುದ್ಧ ಬಂದಾಗ ಏನಾಗುತ್ತದೆ ಎನ್ನುವುದಕ್ಕೂ ನಿಯಮವಿದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲ್‌ನ 43ನೇ ವಿಧಿಯ ಪ್ರಕಾರ, ಅರೆಸೇನಾ ಪಡೆಯನ್ನು ತನ್ನ ಸೇನೆಯೊಳಗೆ ಸೇರಿಸಿಕೊಂಡ ದೇಶ ಎದುರಾಳಿಗೆ ಅದನ್ನು ತಿಳಿಸಬೇಕು. ಆಗ ಆ ಜವಾನರು ಹೋರಾಟಗಾರರೆನಿಸುತ್ತಾರೆ: ಅವರ ಮೇಲೆ ದಾಳಿ ಮಾಡುವುದು ಕಾನೂನುಬದ್ಧ, ಸೆರೆಸಿಕ್ಕರೆ ಅವರಿಗೆ ಯುದ್ಧಕೈದಿಗಳ ಹಕ್ಕು. ಸೇನೆಯ ಭಾಗವಲ್ಲದ ದಳಗಳಿಗೆ 1949ರ ಮೂರನೇ ಒಪ್ಪಂದ ನಾಲ್ಕು ಶರತ್ತು ಹಾಕುತ್ತದೆ: ಹೊಣೆಗಾರ ನಾಯಕ ಇರಬೇಕು, ದೂರದಿಂದ ಗುರುತಾಗುವ ಚಿಹ್ನೆ ಇರಬೇಕು, ಆಯುಧ ಬಹಿರಂಗವಾಗಿ ಹಿಡಿಯಬೇಕು, ಯುದ್ಧನಿಯಮ ಪಾಲಿಸಬೇಕು.

ಇನ್ನು ಎರಡನೇ ಜಾತಿ. ಪಕ್ಷವೊಂದರ, ಜಮೀನುದಾರರ ಅಥವಾ ಒಬ್ಬ ನಾಯಕನ ಸ್ವಂತ ಪಡೆ, ಅಥವಾ ತನ್ನ ಹೆಸರಿಗೆ ಮಸಿ ಅಂಟದಂತೆ ಕೊಳಕು ಕೆಲಸ ಮಾಡಿಸಲು ಸರ್ಕಾರವೇ ಸಾಕಿದ ಗುಂಪು. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಸೈನ್ಯಕ್ಕೆ ವರ್ಸೇಲ್ಸ್ ಒಪ್ಪಂದ ಹಾಕಿದ ಮಿತಿ ಒಂದು ಲಕ್ಷ. 1934ರ ಹೊತ್ತಿಗೆ ನಾತ್ಸಿ ಪಕ್ಷದ ಎಸ್‌ಎ ಪಡೆಯಲ್ಲಿ ಅದರ ಹಲವು ಪಟ್ಟು ಜನರಿದ್ದರು, ಅದರ ಮುಖ್ಯಸ್ಥ ರ‍್ಯೋಮ್‌ಗೆ ಸೈನ್ಯದ ಜಾಗವೇ ಬೇಕಿತ್ತು. ಜೂನ್ 30ರಂದು ಹಿಟ್ಲರ್ ಅವನನ್ನು ಬಂಧಿಸಿದ, ಮರುದಿನ ಕೊಲ್ಲಿಸಿದ.

ನಮ್ಮ ಕಾಲದ ಉದಾಹರಣೆ ಸುಡಾನ್. ಅದರ ಪಶ್ಚಿಮದ ಡಾರ್ಫುರ್‌ನಲ್ಲಿ ಊರು ಸುಟ್ಟ ಜಂಜವೀದ್ ಎಂಬ ಸಶಸ್ತ್ರ ಗುಂಪುಗಳಿಂದಲೇ ಅಲ್ಲಿನ ಸರ್ಕಾರ 2013ರಲ್ಲಿ ‘ತ್ವರಿತ ಬೆಂಬಲ ಪಡೆ’, ಅಂದರೆ ಆರ್‌ಎಸ್‌ಎಫ್ ಕಟ್ಟಿತು, 2017ರಲ್ಲಿ ಅದಕ್ಕೊಂದು ಕಾನೂನನ್ನೂ ಮಾಡಿತು. ಕಾಗದದಲ್ಲಿ ಅದು ಸರ್ಕಾರದ ಪಡೆ. ಆದರೆ ಅದರ ನಾಯಕ ಹೆಮೆದ್ತಿಯ ಕೈಯಲ್ಲಿ ಚಿನ್ನದ ಗಣಿಗಳ ಹಣವಿತ್ತು. ಸೈನ್ಯದ ಕೈಯಲ್ಲಿದ್ದ ಆಡಳಿತ ನಾಗರಿಕರಿಗೆ ಮರಳಬೇಕಾದಾಗ ಆರ್‌ಎಸ್‌ಎಫ್ ಅನ್ನು ಸೈನ್ಯದಲ್ಲಿ ವಿಲೀನಗೊಳಿಸುವ ಮಾತು ಬಂತು. ಸೈನ್ಯ ಎರಡು ವರ್ಷದೊಳಗೆ ಎಂದಿತು, ಆರ್‌ಎಸ್‌ಎಫ್ ಹತ್ತು ವರ್ಷ ಕೇಳಿತು. 2023ರ ಏಪ್ರಿಲ್ 15ರಂದು ರಾಜಧಾನಿ ಖಾರ್ಟೂಮ್‌ನಲ್ಲಿ ಗುಂಡು ಹಾರಿತು, ಲಕ್ಷಾಂತರ ಜನ ಊರು ಬಿಟ್ಟರು. ಅದೇ ಜೂನ್‌ನಲ್ಲಿ ರಷ್ಯಾದ ಖಾಸಗಿ ಪಡೆ ವ್ಯಾಗ್ನರ್ ದಂಗೆ ಎದ್ದದ್ದೂ ಇಂಥದೇ ಗಳಿಗೆಯಲ್ಲಿ, ಜುಲೈ 1ರೊಳಗೆ ರಕ್ಷಣಾ ಸಚಿವಾಲಯದ ಜೊತೆ ಒಪ್ಪಂದಕ್ಕೆ ಸಹಿ ಹಾಕಬೇಕೆಂಬ ಆದೇಶದ ಬೆನ್ನಲ್ಲೇ.

ಇಂಥ ಪಡೆಯನ್ನು ಕಟ್ಟುವುದಕ್ಕಿಂತ ಬಿಚ್ಚುವುದು ಕಷ್ಟ. ಕೊಲಂಬಿಯಾದಲ್ಲಿ 2003ರಿಂದ 2006ರ ನಡುವೆ ಎಯುಸಿ ಎಂಬ ಅರೆಸೇನಾ ಗುಂಪುಗಳ ಒಕ್ಕೂಟದ 30 ಸಾವಿರಕ್ಕೂ ಹೆಚ್ಚು ಜನ ಶರಣಾದರು. ಬಂದೂಕುಗಳು ಸರ್ಕಾರದ ಕೈ ಸೇರಿದವು, ಕೊಕೇನ್ ಸಾಗಿಸುವ ದಾರಿಗಳು ಸೇರಲಿಲ್ಲ. ಮಧ್ಯಮ ಹಂತದ ಕಮಾಂಡರ್‌ಗಳು ಅದೇ ದಾರಿಗಳಿಗಾಗಿ ಹೊಸ ಗ್ಯಾಂಗುಗಳನ್ನು ಕಟ್ಟಿಕೊಂಡರು.