ಮನೆ ಪತ್ರ ಮಾವನ ಹತ್ತಿರ ಯಾಕಿದೆ?

ರಾಜಾಜಿನಗರದಿಂದ ಬಂದ ಈ ಕಾಗದವನ್ನು ಮೂರು ಸಲ ಓದಿದೆ. ಮೂರನೇ ಸಲ ಸಿಟ್ಟು ಬಂತು. ಬರೆದ ಹುಡುಗಿಯ ಮೇಲಲ್ಲ.

ವಿಷಯ ಇಷ್ಟು. ವಯಸ್ಸು 24, ಓದಿದ್ದು ಬಿಕಾಂ, ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ. ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂಎ ಮಾಡಿ ವಿದೇಶಾಂಗ ಸೇವೆಗೆ ಸೇರುವ ಆಸೆ. 'ಅದನ್ನು ಓದಿದ್ರೆ ಯಾರು ಕೆಲಸ ಕೊಡ್ತಾರೆ' ಅಂತ ಅಪ್ಪನ ರಾಗ. ಸೋದರಮಾವ ಮಾತ್ರ ಬೆಂಬಲಕ್ಕಿದ್ದಾರೆ, ಲಂಡನ್ನಿನ ಒಂದು ವರ್ಷದ ಕೋರ್ಸಿಗೆ ಸೀಟು ಕೊಡಿಸುತ್ತಾರಂತೆ. ಅಪ್ಪನನ್ನು ಒಪ್ಪಿಸುವುದು ಹೇಗೆ ಅಂತ ಕೇಳಿದ್ದೀರಿ.

ಅಪ್ಪ ಹಾಗಿರಲಿ. ಕಾಗದದ ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: 'ಲೋನಿಗೆ ಬೇಕು ಅಂತ ಅಮ್ಮನ ಹೆಸರಲ್ಲಿರೋ ಮನೆ ಪತ್ರ ಮಾವ ತಗೊಂಡು ಹೋಗಿದ್ದಾರೆ.' ಯಾವ ಬ್ಯಾಂಕು? ಅರ್ಜಿಗೆ ಸಹಿ ಹಾಕಿದ್ದು ಯಾರು? ಮಾವನ ಸ್ನೇಹಿತರ ಕನ್ಸಲ್ಟೆನ್ಸಿ ಅಂತ ಬರೆದಿದ್ದೀರಿ, ಬ್ಯಾಂಕಿನ ಹೆಸರೇ ಇಲ್ಲ! ಮೂಲ ಪತ್ರ ಮನೆಯ ಬೀರು ಬಿಟ್ಟು ಕದಲಬಾರದು ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ.

ಅಸಲಿಗೆ ವಿದೇಶಾಂಗ ಸೇವೆಗೆ ಲಂಡನ್ ಡಿಗ್ರಿ ಬೇಕಾಗಿಲ್ಲ. ಎಂಎ ಕೂಡ ಬೇಕಾಗಿಲ್ಲ. ಆ ಸೇವೆಗೆ ಆಯ್ಕೆ ಮಾಡುವ ಯುಪಿಎಸ್‌ಸಿ ಪರೀಕ್ಷೆಗೆ ನಿಮ್ಮ ಬಿಕಾಂ ಸಾಕು. ಸಾಮಾನ್ಯ ವರ್ಗದವರಿಗೂ 32 ವಯಸ್ಸಿನವರೆಗೆ 6 ಅವಕಾಶ ಇವೆ. ಓದಲೇಬೇಕು ಅಂತಿದ್ದರೆ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯ ಇದೆ, ಸಿಯುಇಟಿ ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೆಯಿರಿ. ಅಲ್ಲಿ ಪಾಠದ ಫೀಸು ತೀರಾ ಕಡಿಮೆ, ಖರ್ಚೇನಿದ್ದರೂ ಹಾಸ್ಟೆಲ್ಲು, ಊಟದ್ದು. ಅದಕ್ಕೆ ಯಾರ ಮನೆಯನ್ನೂ ಅಡ ಇಡಬೇಕಿಲ್ಲ ಅಲ್ವಾ? ಮಾವನಿಗೆ ಇದು ಗೊತ್ತಿಲ್ಲ ಅಂದರೆ ನಾನು ನಂಬಲಾರೆ.

ಈ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ. ಹೆಣ್ಣೆಂದು ಬಡ್ತಿ ತಪ್ಪಿಸಿದರು ಅಂತ ಸರ್ಕಾರದ ವಿರುದ್ಧವೇ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ತೀರ್ಪು ಬರುವಷ್ಟರಲ್ಲಿ ಸರ್ಕಾರ ಬಡ್ತಿ ಕೊಟ್ಟಾಗಿತ್ತು. ಅವರ ಹಾದಿ ಹಿಡಿಯುವವರು ಮಾವನ ಹತ್ತಿರ ಒಂದು ಪತ್ರ ವಾಪಸ್ ಕೇಳೋಕೆ ಹೆದರಿದರೆ ಹೇಗೆ?

ಹಾಗಾಗಿ ಒಂದೇ ಕೆಲಸ. ಈ ಭಾನುವಾರ ಅಮ್ಮನನ್ನು ಕರೆದುಕೊಂಡು ಮಾವನ ಮನೆಗೆ ಹೋಗಿ. ಕಾಫಿ ಕೊಟ್ಟರೆ ಕುಡಿಯಿರಿ. ಪತ್ರ ಕೇಳಿ. 'ಆಫೀಸಲ್ಲಿದೆ, ನಾಳೆ ಕೊಡ್ತೀನಿ' ಅಂದರೆ ನಾಳೆ ಆಫೀಸಿಗೇ ಹೋಗಿ ನಿಂತುಕೊಳ್ಳಿ. ಅದು ಅಮ್ಮನ ಬೀರು ಸೇರಿದ ಮೇಲೆ ನನಗೆ ಇನ್ನೊಂದು ಕಾಗದ ಬರೆಯಿರಿ. ಅಪ್ಪನ ವಿಷಯ ಆಮೇಲೆ ಮಾತಾಡೋಣ.