ಕಾರು ಅಪ್ಪನದು, ಓಡಿಸುವವನು ಮಗ

ಪ್ಲಸ್ ಟು ಪರೀಕ್ಷೆ ಮುಗಿದು ಕಾಲೇಜು ಸೇರುವವರೆಗಿನ ಎರಡು ತಿಂಗಳು ನಮ್ಮ ಕಾಸರಗೋಡಿನ ಕಡೆ ಮಕ್ಕಳು ವಾಹನ ಕಲಿಯುವ ಕಾಲ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅದೇ ವಿಚಾರದ್ದು, ಮಕ್ಕಳು ಓಡಿಸುವ ವಾಹನದ ವಿಮೆಯದ್ದಾಗಿರುವುದರಿಂದ, ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಇವುಗಳಿಗಷ್ಟೇ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮದು ಬದಿಯಡ್ಕದ ಸಮೀಪ ಅಡಿಕೆ ತೋಟ. ಮಗನಿಗೆ 17 ತುಂಬಿ ಐದು ತಿಂಗಳಾಯಿತು. ಗೇಟಿನಿಂದ ಅಂಗಳದವರೆಗಿನ ನಮ್ಮದೇ ದಾರಿಯಲ್ಲಿ ಕಾರು ಕಲಿತವನು ಈಗ ಬೆಳಗ್ಗೆ ಪೇಟೆಯ ತನಕವೂ ಓಡಿಸುತ್ತಾನೆ. ನಾನು ಪಕ್ಕದಲ್ಲಿಯೇ ಕುಳಿತಿರುತ್ತೇನೆ. ಕಾರಿಗೆ ಫುಲ್ ಇನ್ಶೂರೆನ್ಸ್ ಇದೆ. ಸಾಲದೆ?

ಉತ್ತರ: ಸಾಲದು. ‘ಫುಲ್ ಇನ್ಶೂರೆನ್ಸ್’ ಎಂಬುದು ಏಜೆಂಟರ ಬಾಯಿಂದ ನಮ್ಮ ಬಾಯಿಗೆ ಬಂದ ಮಾತು. ಪಾಲಿಸಿಯ ಕಾಗದದಲ್ಲಿ ಆ ಹೆಸರಿಲ್ಲ. ಅಲ್ಲಿರುವುದು ಪ್ಯಾಕೇಜ್ ಪಾಲಿಸಿ. ಅದರ ಒಂದು ಭಾಗ ನಿಮ್ಮ ಕಾರಿಗಾದ ಹಾನಿಯನ್ನು ನೋಡಿಕೊಳ್ಳುತ್ತದೆ. ಇನ್ನೊಂದು, ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ಭಾಗ, ನಿಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಯನ್ನು ನೋಡಿಕೊಳ್ಳುತ್ತದೆ. ಎರಡಕ್ಕೂ ಸೇರಿ ‘ಡ್ರೈವರ್ಸ್ ಕ್ಲಾಜ್’ ಎಂಬ ಒಂದು ಷರತ್ತಿದೆ. ಕಾರನ್ನು ಯಾರು ಬೇಕಾದರೂ ಓಡಿಸಬಹುದು, ಆದರೆ ಅಪಘಾತದ ಹೊತ್ತಿಗೆ ಅವರಲ್ಲಿ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಮತ್ತು ಲೈಸೆನ್ಸ್ ಪಡೆಯಲು ಅವರು ಅನರ್ಹರಾಗಿರಬಾರದು ಎಂದು ಅದು ಹೇಳುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 4ನೇ ಸೆಕ್ಷನ್ ಪ್ರಕಾರ ಕಾರು ಓಡಿಸಲು 18 ತುಂಬಿರಬೇಕು. ಆದ್ದರಿಂದ ನಿಮ್ಮ ಮಗ ಎಷ್ಟೇ ಚೆನ್ನಾಗಿ ಓಡಿಸಿದರೂ ಪಾಲಿಸಿಯ ಲೆಕ್ಕದಲ್ಲಿ ಅವನು ಚಾಲಕನೇ ಅಲ್ಲ, ಮತ್ತು ಕಾರಿನ ರಿಪೇರಿಯ ಹಣವನ್ನು ಕಂಪೆನಿ ನಿರಾಕರಿಸಿದರೆ ನೀವು ವಾದಿಸಲು ಏನೂ ಉಳಿಯುವುದಿಲ್ಲ.

ಬೇರೆಯವರಿಗೆ ಪೆಟ್ಟಾದರೆ ಸಂಗತಿ ಇನ್ನೂ ಭಾರವಾಗುತ್ತದೆ. ಪೆಟ್ಟು ತಿಂದವರು ಬರಿಗೈಯಲ್ಲಿ ಹೋಗಬಾರದೆಂದು ನ್ಯಾಯಾಲಯಗಳು ಅನೇಕ ಪ್ರಕರಣಗಳಲ್ಲಿ ಕಂಪೆನಿಯಿಂದ ಮೊದಲು ಹಣ ಕೊಡಿಸಿ, ಆಮೇಲೆ ಅದನ್ನು ಮಾಲಕನಿಂದ ವಸೂಲು ಮಾಡಿಕೊಳ್ಳಲು ಕಂಪೆನಿಗೆ ಅನುಮತಿ ಕೊಡುತ್ತವೆ. ಹಾಗಾದಾಗ ವಿಮೆ ಇದ್ದೂ ಕೊನೆಗೆ ಸಾಲಗಾರರಾಗುವವರು ನೀವು. 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ಒಂದು ಪ್ರಕರಣದಲ್ಲಿ, ಹುಡುಗ ತನಗೆ ತಿಳಿಸದೆ ಮನೆಯಿಂದ ಮೋಟಾರ್ ಸೈಕಲಿನ ಕೀ ತೆಗೆದುಕೊಂಡು ಹೋದನೆಂದು ಮಾಲಕರು ವಾದಿಸಿದ್ದರು. ವಾಹನ ದುರುಪಯೋಗವಾಗದಂತೆ ನೋಡಿಕೊಳ್ಳುವುದು ಮಾಲಕನ ಹೊಣೆ ಎಂದು ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ಇದರ ಮೇಲೆ 2019ರ ತಿದ್ದುಪಡಿಯಲ್ಲಿ ಸೇರಿದ 199ಎ ಸೆಕ್ಷನ್ ಇದೆ. ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧವಾದರೆ ಪೋಷಕ ಅಥವಾ ಮಾಲಕನಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ 12 ತಿಂಗಳು ರದ್ದು, ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ತನಗೆ ಗೊತ್ತಿಲ್ಲದೆ ನಡೆಯಿತೆಂದು, ಇಲ್ಲವೇ ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದು ಸಾಬೀತುಪಡಿಸುವ ಪೋಷಕನಿಗೆ ಕಾನೂನು ಒಂದು ಬಾಗಿಲು ತೆರೆದಿಟ್ಟಿದೆ ನಿಜ. ಆದರೆ ಸುರಕ್ಷತೆಗೆಂದು ಪಕ್ಕದಲ್ಲಿಯೇ ಕುಳಿತಿರುವ ನೀವು ಆ ಬಾಗಿಲನ್ನು ನಿಮ್ಮ ಕೈಯಾರೆ ಮುಚ್ಚಿಕೊಂಡಿದ್ದೀರಿ.

ತೋಟದ ದಾರಿಯ ಬಗ್ಗೆ ಒಂದು ಮಾತು. ಕಾಯಿದೆಯ ನಿಷೇಧ ಇರುವುದು ‘ಸಾರ್ವಜನಿಕ ಸ್ಥಳ’ದಲ್ಲಿ ಓಡಿಸುವುದಕ್ಕೆ, ನಿಮ್ಮ ಗೇಟಿನ ಒಳಗೆ ಅಪರಾಧದ ಪ್ರಶ್ನೆ ಬೇರೆಯಾಗಬಹುದು. ಆದರೆ ಪಾಲಿಸಿಯ ಚಾಲಕನ ಷರತ್ತಿನಲ್ಲಿ ಸಾರ್ವಜನಿಕ ಸ್ಥಳ ಎಂಬ ಪದವಿಲ್ಲ. ಅಂಗಳದಲ್ಲಿ ರಿವರ್ಸ್ ತೆಗೆಯುವಾಗ ಕಾರು ಕಟ್ಟೆಗೆ ಬಡಿದು ಹಿಂಬದಿ ಒಳಗೆ ಹೋದರೂ ಕಂಪೆನಿ ಕೇಳುವ ಪ್ರಶ್ನೆ ಒಂದೇ: ಓಡಿಸುತ್ತಿದ್ದವರ ಲೈಸೆನ್ಸ್ ಎಲ್ಲಿ? ಇನ್ನು ಏಳು ತಿಂಗಳು ಕಾಯಿರಿ. 18 ತುಂಬಿದ ಮೇಲೆ ಲರ್ನರ್ಸ್ ಲೈಸೆನ್ಸ್ ಮಾಡಿಸಿ. ಅದು 6 ತಿಂಗಳು ನಡೆಯುತ್ತದೆ, 30 ದಿನಗಳ ಬಳಿಕ ಪಕ್ಕಾ ಲೈಸೆನ್ಸಿನ ಪರೀಕ್ಷೆಗೆ ಹೋಗಬಹುದು.

ಪ್ರಶ್ನೆ: ಮಗನಿಗೆ 18. ಲರ್ನರ್ಸ್ ಇದೆ. ಮೊನ್ನೆ ಒಬ್ಬನೇ ಕಾರು ತೆಗೆದುಕೊಂಡು ಕುಂಬಳೆಗೆ ಹೋದವನು ತಿರುವಿನಲ್ಲಿ ನಿಂತಿದ್ದ ಆಟೋಕ್ಕೆ ತಾಗಿಸಿದ. ಯಾರಿಗೂ ಪೆಟ್ಟಾಗಿಲ್ಲ. ನಮ್ಮ ಕಾರಿನ ಬಂಪರ್, ಒಂದು ಹೆಡ್‌ಲೈಟ್ ಹೋಗಿದೆ. ಯಜಮಾನರೇ ಓಡಿಸುತ್ತಿದ್ದರೆಂದು ಬರೆದುಕೊಟ್ಟರೆ ಕ್ಲೇಮ್ ಸಲೀಸಾಗಿ ಆಗುತ್ತದೆಂದು ನನ್ನ ಅಣ್ಣ ಹೇಳುತ್ತಾರೆ. ಮಾಡಬಹುದೇ?

ಉತ್ತರ: ಬೇಡ, ಅಮ್ಮಾ. ನಿಮ್ಮಣ್ಣ ಹೇಳಿದ ದಾರಿಯನ್ನು ನಾಲ್ಕು ಜನರಲ್ಲಿ ಮೂವರು ಹೇಳುತ್ತಾರೆ, ಅದಕ್ಕಾಗಿಯೇ ಇದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ನಿಮ್ಮ ಪರವಾಗಿರುವುದನ್ನು ನೋಡೋಣ. ಲರ್ನರ್ಸ್ ಲೈಸೆನ್ಸ್ ಕೂಡ ಲೈಸೆನ್ಸೇ. 2004ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ಪಷ್ಟಪಡಿಸಿದೆ, ಪಾಲಿಸಿಯ ಷರತ್ತು ಕೂಡ ಲರ್ನರ್ಸ್ ಇದ್ದವರಿಗೆ ಓಡಿಸಲು ಅವಕಾಶ ಕೊಡುತ್ತದೆ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮವನ್ನು ಪಾಲಿಸಿರಬೇಕೆಂಬ ಷರತ್ತಿನೊಂದಿಗೆ. ಪಕ್ಕಾ ಲೈಸೆನ್ಸ್ ಇರುವ ಒಬ್ಬರು ಕಲಿಸುವವರಾಗಿ ಜೊತೆಗಿದ್ದು ವಾಹನವನ್ನು ನಿಲ್ಲಿಸಬಲ್ಲ ಜಾಗದಲ್ಲಿ ಕುಳಿತಿರಬೇಕು, ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ‘ಎಲ್’ ಫಲಕ ಇರಬೇಕು. ನಿಮ್ಮ ಮಗ ಒಬ್ಬನೇ ಇದ್ದ. ಹಾಗಾಗಿ ಬಂಪರ್ ಮತ್ತು ಹೆಡ್‌ಲೈಟಿನ ಹಣ ಸಿಗುವ ಆಸೆ ಕಡಿಮೆ ಎಂದು ನಾನು ನೇರವಾಗಿಯೇ ಹೇಳಬೇಕಾಗುತ್ತದೆ.

ಹೋಗುವುದು ಕೆಲವು ಸಾವಿರ ರೂಪಾಯಿ. ಪ್ಲಾಸ್ಟಿಕ್ ಭಾಗಗಳಿಗೆ ಸಾಮಾನ್ಯ ಪಾಲಿಸಿಯಲ್ಲಿ ಹೇಗೂ ಶೇ. 50 ಸವಕಳಿ ಕಳೆಯುತ್ತಾರೆ, 1500 ಸಿಸಿಯವರೆಗಿನ ಕಾರಿಗೆ ಮೊದಲ 1,000 ರೂಪಾಯಿ ಕಡ್ಡಾಯವಾಗಿ ನಿಮ್ಮದೇ, ಮತ್ತು ಒಂದು ಕ್ಲೇಮ್ ಮಾಡಿದರೆ ವರ್ಷಗಳಿಂದ ಶೇ. 20ರಿಂದ 50ರವರೆಗೆ ಏರಿಸಿಕೊಂಡು ಬಂದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಗುತ್ತದೆ. ಇವೆಲ್ಲವನ್ನೂ ಕಳೆದರೆ ಸುಳ್ಳಿನಿಂದ ಉಳಿಯುವ ಮೊತ್ತ ಎಷ್ಟೆಂದು ಒಂದು ಚೀಟಿಯಲ್ಲಿ ಲೆಕ್ಕ ಹಾಕಿ ನೋಡಿ. ಅದಕ್ಕೆದುರಾಗಿ, ಚಾಲಕನ ಹೆಸರು ಸುಳ್ಳೆಂದು ತಿಳಿದರೆ ಕ್ಲೇಮ್ ಪೂರ್ತಿ ತಿರಸ್ಕೃತವಾಗುವುದಲ್ಲದೆ, ಸಹಿ ಹಾಕಿದ ಯಜಮಾನರು ವಂಚನೆಯ ಆರೋಪಕ್ಕೂ ಒಳಗಾಗಬಹುದು. ನಾಳೆ ಆಟೋದವರು ಕುತ್ತಿಗೆ ನೋವೆಂದು ದೂರು ಕೊಟ್ಟರೆ, ತಾವು ಮಾಡದ ಅಪಘಾತಕ್ಕೆ ಆರೋಪಿಯಾಗಿ ನಿಲ್ಲುವವರೂ ಅವರೇ.

ಗೊತ್ತಾಗುವುದು ಹೇಗೆ ಎಂದು ಕೇಳುವಿರಿ. ಹಲವು ವರ್ಷಗಳ ಹಿಂದೆ ಪರಿಚಿತರೊಬ್ಬರ ಕಾರಿನ ತಪಾಸಣೆಗೆ ನಾನೂ ಗ್ಯಾರೇಜಿಗೆ ಹೋಗಿದ್ದೆ. ವಿಮಾ ಕಂಪೆನಿಗಾಗಿ ಹಾನಿಯನ್ನು ಅಂದಾಜಿಸುವ ಸರ್ವೇಯರ್ ಎದುರಿನ ಹಾನಿಯನ್ನು ಫೋಟೋ ತೆಗೆದು, ಚಾಲಕನ ಬಾಗಿಲು ತೆರೆದು, ಏನೂ ಮಾತನಾಡದೆ ಸೀಟನ್ನು ನೋಡುತ್ತ ನಿಂತರು. ಸೀಟು ಹಳಿಯ ಕೊನೆಯವರೆಗೆ ಹಿಂದಕ್ಕೆ ಸರಿದಿತ್ತು. ಓಡಿಸಿದ್ದು ತಾನೆಂದು ಬರೆದುಕೊಟ್ಟ ತಂದೆಯ ಎತ್ತರ ಐದಡಿ ಎರಡಿಂಚು. ‘ನೀವು ಕೂತು ಕ್ಲಚ್ ಒತ್ತಿ ತೋರಿಸಿ’ ಎಂದರು. ಕಾಲು ಎಟುಕಲಿಲ್ಲ. ಈಗಂತೂ ಅಂಗಡಿ ಮುಂಗಟ್ಟುಗಳ ಸಿಸಿಟಿವಿ ಇದೆ, ಪೇಟೆಯಲ್ಲಿ ಕಂಡವರಿದ್ದಾರೆ, ಕ್ಲೇಮಿಗೆ ಕಂಪೆನಿಗಳು ಸಾಮಾನ್ಯವಾಗಿ ಕೇಳುವ ಪೊಲೀಸ್ ಠಾಣೆಯ ಜಿ.ಡಿ. (ಜನರಲ್ ಡೈರಿ, ಅಂದರೆ ಠಾಣೆಯ ದಿನಚರಿ) ಎಂಟ್ರಿಯಲ್ಲಿ ಚಾಲಕನ ಹೆಸರೂ ಇರುತ್ತದೆ.

ನೀವು ಮಾಡಬೇಕಾದ್ದು: ಆಟೋದ ಹಾನಿಗೆ ಪಾಲಿಸಿಯಿಂದಲೇ ಹಣ ಕೊಡಿಸಬೇಕೆಂದಿದ್ದರೆ ಕೂಡಲೇ ಕಂಪೆನಿಗೆ ನಡೆದದ್ದನ್ನು ನಡೆದಂತೆಯೇ ತಿಳಿಸಿ, ಅವರ ಒಪ್ಪಿಗೆಯಿಲ್ಲದೆ ಆಟೋದವರಿಗೆ ಇಷ್ಟು ಕೊಡುತ್ತೇವೆಂದು ಮಾತು ಕೊಡಬೇಡಿ, ಏಕೆಂದರೆ ಅದೂ ಪಾಲಿಸಿಯ ಷರತ್ತಿನ ಉಲ್ಲಂಘನೆ. ಹಾನಿ ಚಿಕ್ಕದಾಗಿದ್ದು ನೀವೇ ಭರಿಸುವುದಾದರೆ ರಿಪೇರಿ ಮಾಡಿಸಿಕೊಟ್ಟು, ಇತ್ಯರ್ಥವಾಯಿತೆಂದು ಆಟೋದ ಮಾಲಕರಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಪ್ರಶ್ನೆ: ಮಗಳಿಗೆ 19, ಪಕ್ಕಾ ಲೈಸೆನ್ಸ್ ಇದೆ. ದೇರಳಕಟ್ಟೆಯಲ್ಲಿ ಓದುತ್ತಾಳೆ. ನನ್ನ ಹೆಸರಿನ, ಕೆಎಲ್ 14 ನಂಬರಿನ ಕಾರನ್ನು ಅವಳಿಗೆ ಕೊಟ್ಟರೆ ಪಾಲಿಸಿಯಲ್ಲಿ ಅವಳ ಹೆಸರು ಸೇರಿಸಬೇಕೇ? ಉಪ್ಪಳ, ಮಂಜೇಶ್ವರದಿಂದ ಹೋಗುವ ಮೂವರು ಗೆಳತಿಯರೂ ಜೊತೆಗಿರುತ್ತಾರೆ, ತಿಂಗಳಿಗಿಷ್ಟೆಂದು ಪೆಟ್ರೋಲಿಗೆ ಕೊಡುತ್ತಾರೆ.

ಉತ್ತರ: ಹೆಸರು ಸೇರಿಸಬೇಕಾಗಿಲ್ಲ. ನಮ್ಮ ದೇಶದಲ್ಲಿ ಪಾಲಿಸಿ ವಾಹನಕ್ಕೆ, ಓಡಿಸುವವರ ವಯಸ್ಸಿಗಲ್ಲ. ಥರ್ಡ್ ಪಾರ್ಟಿ ಪ್ರೀಮಿಯಂ ಸರಕಾರ ನಿಗದಿ ಮಾಡುವಂಥದ್ದು. 2022ರ ಜೂನ್ 1ರಿಂದ ಜಾರಿಗೆ ಬಂದ ದರದಲ್ಲಿ 1000ದಿಂದ 1500 ಸಿಸಿಯ ಕಾರಿಗೆ ವರ್ಷಕ್ಕೆ 3,416 ರೂಪಾಯಿ, ಓಡಿಸುವವರು ಹತ್ತೊಂಬತ್ತರವರಾದರೂ ಅರುವತ್ತರವರಾದರೂ ಅಷ್ಟೇ. ತಲಪಾಡಿಯಲ್ಲಿ ಕರ್ನಾಟಕದ ಗಡಿ ದಾಟಿದರೆ ಪಾಲಿಸಿಗೆ ಏನೂ ಆಗುವುದಿಲ್ಲ, ಅದು ಭಾರತದಾದ್ಯಂತ ನಡೆಯುತ್ತದೆ. ಕಾರು ಅಲ್ಲಿಯೇ 12 ತಿಂಗಳಿಗಿಂತ ಹೆಚ್ಚು ಉಳಿಯುವುದಾದರೆ ಕರ್ನಾಟಕದ ನೋಂದಣಿ ಮಾಡಿಸಬೇಕೆಂಬುದು ಬೇರೆ ವಿಷಯ. ದಿನವೂ ಮನೆಗೆ ಮರಳುವ ಕಾರಿಗೆ ಅದು ಬಾರದು.

ನೀವು ಕೇಳದೆ ಬಿಟ್ಟ ಪ್ರಶ್ನೆಯೇ ಹೆಚ್ಚು ಮುಖ್ಯ: ಮಗಳಿಗೇ ಏನಾದರೂ ಆದರೆ? ಪಾಲಿಸಿಯೊಂದಿಗೆ ಬರುವ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ‘ಮಾಲಕ-ಚಾಲಕ’ನಿಗೆ, ಅಂದರೆ ನಿಮಗೆ. ಅವಳದ್ದೇ ತಪ್ಪಿನಿಂದ ಅಪಘಾತವಾದರೆ ಥರ್ಡ್ ಪಾರ್ಟಿ ಭಾಗದಿಂದಲೂ ಅವಳಿಗೆ ಬರುವುದಿಲ್ಲ, ಏಕೆಂದರೆ ಎರವಲು ತಂದ ವಾಹನ ಓಡಿಸುವವರು ಮಾಲಕನ ಸ್ಥಾನದಲ್ಲಿಯೇ ನಿಲ್ಲುತ್ತಾರೆಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಕರ್ನಾಟಕದಿಂದಲೇ ಹೋಗಿದ್ದ, ಎರವಲು ಮೋಟಾರ್ ಸೈಕಲ್ ಎತ್ತಿನ ಗಾಡಿಗೆ ಬಡಿದ ಪ್ರಕರಣ. ಆದ್ದರಿಂದ ನವೀಕರಿಸುವಾಗ ಮಗಳ ಹೆಸರು ನಮೂದಿಸಿ ಅಪಘಾತ ರಕ್ಷಣೆಯನ್ನು ಸೇರಿಸಿಕೊಳ್ಳಿ. ಇನ್ನೂ ಒಳ್ಳೆಯದೆಂದರೆ ಅವಳ ಹೆಸರಿನಲ್ಲೇ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸುವುದು, ಅದು ಬಸ್ಸಿನಲ್ಲಿ ಹೋಗುವಾಗಲೂ ಕಾಯುತ್ತದೆ. ಗೆಳತಿಯರ ದೃಷ್ಟಿಯಿಂದ ನಿಮ್ಮದು ಪ್ಯಾಕೇಜ್ ಪಾಲಿಸಿಯೇ ಎಂದು ಖಚಿತಪಡಿಸಿಕೊಳ್ಳಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಖಾಸಗಿ ಕಾರಿನೊಳಗೆ ಕುಳಿತವರು ಸೇರುವುದಿಲ್ಲ.

ಪೆಟ್ರೋಲಿನ ಹಣದ ಬಗ್ಗೆ ನನಗೆ ಸಮಾಧಾನವಿಲ್ಲ. ಬಾಡಿಗೆಗೆ ಅಥವಾ ಪ್ರತಿಫಲಕ್ಕೆ ಓಡಿಸಿದರೆ ಖಾಸಗಿ ಕಾರಿನ ಪಾಲಿಸಿ ಅನ್ವಯಿಸದು. ಒಂದು ದಿನ ಒಬ್ಬಳು ಪೆಟ್ರೋಲ್ ಹಾಕಿಸಿದರೆ ಅದನ್ನು ಬಾಡಿಗೆ ಎನ್ನುವವರಿಲ್ಲ. ಆದರೆ ತಿಂಗಳ ಮೊದಲ ತಾರೀಕಿಗೆ ಮೂವರಿಂದ ನಿಗದಿಯಾದ ಮೊತ್ತ ಗೂಗಲ್ ಪೇಯಲ್ಲಿ ಬರುತ್ತಿದ್ದರೆ, ತಕರಾರು ತೆಗೆಯಬೇಕೆಂದಿರುವ ಕಂಪೆನಿಗೆ ಆ ದಾಖಲೆಯೇ ಸಾಕು. ಸರದಿಯಂತೆ ಪೆಟ್ರೋಲ್ ಹಾಕಿಸಿಕೊಳ್ಳಲಿ.

ಪ್ರಶ್ನೆ: ಪ್ಲಸ್ ಒನ್ ಓದುವ ಮಗನಿಗೆ 16. ಟ್ಯೂಷನ್‌ಗೆ ಮನೆಯ 110 ಸಿಸಿ ಸ್ಕೂಟರ್ ಕೊಡಬಹುದೇ? (ಪೆರ್ಲದಿಂದ)

ಉತ್ತರ: 16ಕ್ಕೆ ಲೈಸೆನ್ಸ್ ಸಿಗುವುದು ಗೇರಿಲ್ಲದ, 50 ಸಿಸಿ ಮೀರದ ದ್ವಿಚಕ್ರಕ್ಕೆ ಮಾತ್ರ. ನಿಮ್ಮ ಮನೆಯಲ್ಲಿರುವ 110 ಸಿಸಿಯ ಸ್ಕೂಟರ್ ಅದಲ್ಲ. ಮೋಟಾರಿನ ಶಕ್ತಿ 250 ವ್ಯಾಟ್ ಮತ್ತು ವೇಗ ಗಂಟೆಗೆ 25 ಕಿ.ಮೀ. ಮೀರದ, ನಿಯಮದ ಪ್ರಕಾರ ಅಂಗೀಕಾರ ಪಡೆದ ವಿದ್ಯುತ್ ದ್ವಿಚಕ್ರ ಮೋಟಾರು ವಾಹನದ ಲೆಕ್ಕಕ್ಕೆ ಬಾರದಿರುವುದರಿಂದ ಅದಕ್ಕೆ ಲೈಸೆನ್ಸ್, ವಿಮೆ ಎರಡೂ ಕಡ್ಡಾಯವಲ್ಲ. ಆದರೆ ಅದರಿಂದ ಯಾರಿಗಾದರೂ ಪೆಟ್ಟಾದರೆ ಪರಿಹಾರ ನಿಮ್ಮ ಜೇಬಿನಿಂದಲೇ.

ಪ್ರಶ್ನೆ: ಅಮೆರಿಕದಲ್ಲಿರುವ ನಾದಿನಿ, ಮಗನಿಗೆ ಲೈಸೆನ್ಸ್ ಆದ ಕೂಡಲೇ ತಮ್ಮ ಕಾರಿನ ಪ್ರೀಮಿಯಂ ವಿಪರೀತ ಏರಿತೆನ್ನುತ್ತಾಳೆ. ಇಲ್ಲಿಯೂ ಹಾಗಾಗುವುದೇ?

ಉತ್ತರ: ಅಲ್ಲಿನ ಪದ್ಧತಿ ಬೇರೆ. ಅಲ್ಲಿ ಮನೆಯಲ್ಲಿ ಓಡಿಸುವವರನ್ನೆಲ್ಲ ಪಾಲಿಸಿಯಲ್ಲಿ ತೋರಿಸಬೇಕಾಗುತ್ತದೆ, ಹದಿಹರೆಯದವರು ಹೆಚ್ಚು ಅಪಘಾತ ಮಾಡುತ್ತಾರೆಂಬ ಲೆಕ್ಕದಿಂದ ದರ ಏರುತ್ತದೆ. ಒಳ್ಳೆಯ ಅಂಕ ತೆಗೆಯುವ ವಿದ್ಯಾರ್ಥಿಗೆ, ಕಾರನ್ನು ಮನೆಯಲ್ಲಿ ಬಿಟ್ಟು ದೂರದ ಕಾಲೇಜಿಗೆ ಹೋದವನಿಗೆ ಅನೇಕ ಕಂಪೆನಿಗಳು ರಿಯಾಯಿತಿ ಕೊಡುತ್ತವೆ. ನಾದಿನಿ ಅದನ್ನು ಕೇಳಿದ್ದಾರೋ ಇಲ್ಲವೋ ವಿಚಾರಿಸಿ. ಇಲ್ಲಿ ಅಂಥ ಏರಿಕೆಯಿಲ್ಲ. 2022ರ ಜುಲೈಯಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಓಡಿಸಿದ ದೂರ ಮತ್ತು ಓಡಿಸುವ ರೀತಿಯನ್ನು ನೋಡಿ ಸ್ವಂತ ಹಾನಿಯ ಪ್ರೀಮಿಯಂ ಲೆಕ್ಕ ಹಾಕುವ ಆಯ್ಕೆಗೆ ಅನುಮತಿ ಕೊಟ್ಟಿದೆ. ರಜೆಗೆ ಮಾತ್ರ ಊರಿಗೆ ಬಂದು ಕಾರು ಮುಟ್ಟುವ ಮಕ್ಕಳಿರುವ ಮನೆಗಳಲ್ಲಿ, ಮುಂದಿನ ನವೀಕರಣದ ಹೊತ್ತಿಗೆ ದೂರದ ಲೆಕ್ಕದ ಆ ಆಯ್ಕೆಯ ದರವನ್ನೂ ಒಮ್ಮೆ ಕೇಳಿ ನೋಡಬಹುದು.